ಸಣ್ಣ ಬೋಟಿನಲ್ಲಿ ಕೇದರ ಮೀನಿಗೆ ಎಷ್ಟು ದೂರ ಹೋಗಬಹುದು? ಗಾಳಕ್ಕೆ ಶಾರ್ಕ್ ಕಚ್ಚಿದರೆ ಏನು ಮಾಡುವುದು?

ಉದ್ಯಾವರದ ಗಾಳಗಾರ

ಎಲ್ಲರಿಗೂ ನಮಸ್ಕಾರ. ನಾನು ಮತ್ತು ನನ್ನ ಭಾವ ಸೇರಿ ಇಪ್ಪತ್ತಮೂರು ಅಡಿಯ ಫೈಬರ್ ಬೋಟ್ ಕೊಂಡಿದ್ದೇವೆ. 60 ಅಶ್ವಶಕ್ತಿಯ ಒಂದು ಔಟ್‌ಬೋರ್ಡ್ ಎಂಜಿನ್, ಜಿಪಿಎಸ್, ಮೀನು ತೋರಿಸುವ ಸೋನಾರ್ ಎಲ್ಲವೂ ಇವೆ. ಇಷ್ಟು ದಿನ ಸೇಂಟ್ ಮೇರಿಸ್ ದ್ವೀಪಗಳ ಸುತ್ತ ಗಾಳ ಹಾಕಿ ಅಂಜಲ್, ಮುರುಮೀನು ಹಿಡಿದು ಮಧ್ಯಾಹ್ನದ ಊಟಕ್ಕೆ ಮನೆ ಸೇರುತ್ತಿದ್ದೆವು. ಈಗ ಆಸೆ ದೊಡ್ಡದಾಗಿದೆ. ಈ ಮಳೆಗಾಲ ಮುಗಿದ ಮೇಲೆ ಹೊರಗೆ ಹೋಗಿ ರಾಡ್‌ನಲ್ಲಿ ಕೇದರ, ಅಂದರೆ ಸಣ್ಣ ಜಾತಿಯ ಟ್ಯೂನಾ, ಹಿಡಿಯಬೇಕು, ಸಾಧ್ಯವಾದರೆ ಹಳದಿ ರೆಕ್ಕೆಯ ದೊಡ್ಡ ಟ್ಯೂನಾವನ್ನೂ ನೋಡಬೇಕು ಎಂದಿದ್ದೇವೆ. ಅಂಡಮಾನಿನಲ್ಲಿ, ಆಸ್ಟ್ರೇಲಿಯಾದಲ್ಲಿ ಸಣ್ಣ ಬೋಟಿನವರು ಹಿಡಿಯುವ ವಿಡಿಯೊಗಳನ್ನು ನೋಡಿ ನೋಡಿ ಭಾವನಿಗೆ ನಿದ್ದೆಯೇ ಬರುತ್ತಿಲ್ಲ.

ಪ್ರಶ್ನೆಗಳು ಇಷ್ಟು. ಮಲ್ಪೆಯಿಂದ ಎಷ್ಟು ದೂರ ಹೋಗಬೇಕು? ಯಾವ ತಿಂಗಳು ಒಳ್ಳೆಯದು? ಶಾರ್ಕ್ ಕಚ್ಚಿದರೆ ಅದನ್ನು ಹೇಗೆ ನಿಭಾಯಿಸುವುದು? ಅನುಭವಸ್ಥರು ದಯವಿಟ್ಟು ತಿಳಿಸಿ.

ಗಂಗೊಳ್ಳಿ ತಾಂಡೇಲ

ಮೀನಿನ ಮಾತು ಆಮೇಲೆ ಆಡೋಣ, ಮೊದಲು ಅಳಿವೆಯ, ಅಂದರೆ ಹೊಳೆ ಕಡಲು ಸೇರುವ ಜಾಗದ ಮಾತು. ಪೇಪರಿನಲ್ಲಿ ದೋಣಿ ಮಗುಚಿದ ಸುದ್ದಿ ಬಂದಾಗ ಸರಿಯಾಗಿ ಓದಿ ನೋಡಿ. ಎಷ್ಟೋ ಸಲ ಅದು ನಡುಗಡಲಿನಲ್ಲಿ ಆದದ್ದಲ್ಲ, ದಡ ಕಣ್ಣಿಗೆ ಕಾಣುವ ಅಳಿವೆ ಬಾಗಿಲಿನಲ್ಲಿ ಆದದ್ದು. ಇಳಿತದ ನೀರು ಹೊಳೆಯಿಂದ ಹೊರಗೆ ನುಗ್ಗುತ್ತಿರುತ್ತದೆ, ಪಡುವಣದ ಅಲೆ ಎದುರು ಬರುತ್ತದೆ, ಕೆಳಗೆ ಹೂಳಿನ ದಿಬ್ಬ. ಮೂರೂ ಸೇರಿದರೆ ಅಲೆ ಅಲ್ಲಿಯೇ ಎದ್ದುನಿಂತು ಮುರಿಯುತ್ತದೆ. ಬೆಳಿಗ್ಗೆ ಹೋಗುವಾಗ ಕನ್ನಡಿಯ ಹಾಗೆ ಇದ್ದ ಬಾಗಿಲು ಮಧ್ಯಾಹ್ನ ಬರುವಾಗ ಹಾಗೆಯೇ ಇರಬೇಕೆಂಬ ಕರಾರು ಏನೂ ಇಲ್ಲ. ಉಬ್ಬರ ಶುರುವಾಗುವವರೆಗೆ ಹೊರಗೆ ಕಾಯುವ ತಾಳ್ಮೆ ಇದೆಯೇ, ಅಷ್ಟು ಹೊತ್ತಿಗೆ ಆಗುವಷ್ಟು ಎಣ್ಣೆ ಮತ್ತು ಕುಡಿಯುವ ನೀರು ಇದೆಯೇ, ಇದು ಮೊದಲ ಪ್ರಶ್ನೆ.

ಒಳಗೆ ಬರುವಾಗ ಹೊರಗೆ ನಿಂತು ಅಲೆಯ ಸಾಲುಗಳನ್ನು ನೋಡಿ. ದೊಡ್ಡವು ಗುಂಪಾಗಿ ಬರುತ್ತವೆ, ನಡುವೆ ಬಿಡುವು ಸಿಗುತ್ತದೆ. ಆ ಬಿಡುವಿನಲ್ಲಿ ಒಂದು ಅಲೆಯ ಬೆನ್ನು ಹಿಡಿದು, ಅದರ ವೇಗದಲ್ಲೇ ಬರಬೇಕು. ಅದನ್ನು ದಾಟಿ ಮುಂದೆ ಹೋದರೆ ಮೂತಿ ನೀರಿಗೆ ಚುಚ್ಚಿಕೊಂಡು ಬೋಟ್ ಅಡ್ಡ ತಿರುಗುತ್ತದೆ. ಹಿಂದೆ ಬಿದ್ದರೆ ಮುಂದಿನ ಅಲೆ ಹಿಂಬದಿಯಿಂದ ಒಳಗೆ ಸುರಿಯುತ್ತದೆ.

ಇನ್ನು ದೂರದ ಲೆಕ್ಕ. ಕೇದರ ಅಂದರೆ ನಮ್ಮ ಸಣ್ಣ ಟ್ಯೂನಾ, ದೊಡ್ಡ ಹಳದಿ ರೆಕ್ಕೆಯದ್ದಲ್ಲ. ಕೇದರ ನಮ್ಮ ಕರಾವಳಿಯ ಹತ್ತಿರದ ಮೀನು, ಕೊಲ್ಲತರು, ಬೂತಾಯಿ ಮರಿಗಳನ್ನು ಅಟ್ಟಿಸಿಕೊಂಡು ಎಷ್ಟೋ ಸಲ ಒಳಗೇ ಬರುತ್ತದೆ. ಹಳದಿ ರೆಕ್ಕೆಯದ್ದು ನೀಲಿ ನೀರಿನ ಮೀನು. ಅದು ಬೇಕೆಂದರೆ ಸಮುದ್ರದ ತಳ ಇಳಿಜಾರಾಗುವ ಅಂಚಿನವರೆಗೆ ಹೋಗಬೇಕು. ನಮ್ಮ ಕಡೆಯಿಂದ ಅದು ಎಂಬತ್ತು ಕಿಲೋಮೀಟರ್‌ಗೂ ಹೆಚ್ಚು. ಒಂದೇ ಎಂಜಿನ್, ಇಪ್ಪತ್ತಮೂರು ಅಡಿ. ಹೋಗಬೇಡಿ ಎಂದು ಹೇಳುವ ಅಧಿಕಾರ ನನಗಿಲ್ಲ, ಆದರೆ ನಿಮ್ಮ ಭಾವನವರು ನನ್ನ ತಮ್ಮನಾಗಿದ್ದರೆ ಎಂಜಿನ್ನಿನ ಕೀಲಿ ತೆಗೆದು ನನ್ನ ಕಿಸೆಯಲ್ಲಿ ಇಟ್ಟುಕೊಳ್ಳುತ್ತಿದ್ದೆ. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ನಿಮ್ಮ ಬೋಟಿನಂಥದ್ದಲ್ಲ, ಆಳಸಮುದ್ರಕ್ಕೆಂದೇ ಕಟ್ಟಿದ ದೊಡ್ಡ ಬೋಟು. ಏಳು ಮಂದಿಯಲ್ಲಿ ಒಬ್ಬರೂ ಮರಳಲಿಲ್ಲ.

ಔಟ್‌ಬೋರ್ಡ್ ಮೇಸ್ತ್ರಿ

ತಾಂಡೇಲರು ಹೇಳಿದ್ದು ಸರಿ. ನನ್ನ ಕಸುಬಿನ ಕಡೆಯಿಂದ ಒಂದಿಷ್ಟು ಸೇರಿಸುತ್ತೇನೆ.

ಎಣ್ಣೆಯನ್ನು ಮೂರು ಪಾಲು ಮಾಡಿ. ಹೋಗಲು ಒಂದು, ಬರಲು ಒಂದು, ಮೂರನೆಯದನ್ನು ಮುಟ್ಟಬಾರದು. ಮೀನಿನ ಹಿಂದೆ ಸುತ್ತಾಡುವುದು ಮೊದಲ ಪಾಲಿನೊಳಗೇ ಮುಗಿಯಬೇಕು. ಮನೆಗೆ ಬರುವಾಗ ಪಡುಗಾಳಿ ಬೆನ್ನಿಗಿದೆ, ಕಡಿಮೆ ಎಣ್ಣೆ ಸಾಕು ಎಂದು ಲೆಕ್ಕ ಹಾಕುವವರಿದ್ದಾರೆ. ಅಲೆಯಲ್ಲಿ ವೇಗ ಇಳಿಸಿ ಬೋಟ್ ಅರ್ಧ ಮುಳುಗಿದ ಸ್ಥಿತಿಯಲ್ಲಿ ತೆವಳುವಾಗ ಎಂಜಿನ್ ಕುಡಿಯುವುದೇ ಹೆಚ್ಚು.

ನನ್ನ ಅಂಗಡಿಗೆ ಬರುವ ಕೆಟ್ಟ ಎಂಜಿನ್‌ಗಳಲ್ಲಿ ಹೆಚ್ಚಿನವು ಕೆಟ್ಟಿರುವುದೇ ಇಲ್ಲ. ಪೆಟ್ರೋಲಿನಲ್ಲಿ ನೀರು ಸೇರಿರುತ್ತದೆ. ಕ್ಯಾನಿನಲ್ಲಿ ತಿಂಗಳುಗಟ್ಟಲೆ ಇಟ್ಟ ಪೆಟ್ರೋಲ್, ಉಪ್ಪುಗಾಳಿ, ಬಿರುಕುಬಿಟ್ಟ ಮುಚ್ಚಳ. ನೀರು ಬೇರ್ಪಡಿಸುವ ಫಿಲ್ಟರ್ ಹಾಕಿಸಿ, ಬದಲಿ ಫಿಲ್ಟರನ್ನೂ ಅದನ್ನು ಬಿಚ್ಚುವ ಸ್ಪ್ಯಾನರನ್ನೂ ಬೋಟಿನಲ್ಲೇ ಇಡಿ. ಜೊತೆಗೆ ತಂಪುನೀರಿನ ಪಂಪಿನ ರಬ್ಬರ್ ಇಂಪೆಲ್ಲರ್ ಒಂದು. ಎಂಜಿನ್ನಿನ ಹಿಂದೆ ಸಣ್ಣಗೆ ಚಿಮ್ಮುವ ನೀರಿನ ಧಾರೆ ಇದೆಯಲ್ಲ, ಅದರ ಮೇಲೆ ಸದಾ ಒಂದು ಕಣ್ಣಿರಲಿ. ಧಾರೆ ತೆಳುವಾದರೆ ಎಂಜಿನ್ ಬಿಸಿಯಾಗುತ್ತಿದೆ ಎಂದರ್ಥ. ಪ್ಲಾಸ್ಟಿಕ್ ಚೀಲ ಸುತ್ತಿಕೊಂಡರೂ ಹೀಗೆಯೇ ಆಗುತ್ತದೆ.

ಎರಡನೆಯ ಸಣ್ಣ ಎಂಜಿನ್ ಕಟ್ಟಿಕೊಳ್ಳಿ, ಹತ್ತು ಅಶ್ವಶಕ್ತಿಯದ್ದಾದರೂ ಸಾಕು. ಅದಕ್ಕೆ ಬೇರೆಯದೇ ಟ್ಯಾಂಕ್ ಇರಲಿ. ಒಂದೇ ಟ್ಯಾಂಕಿನಿಂದ ಎರಡಕ್ಕೂ ಪೈಪ್ ಎಳೆದರೆ ನೀರು ಸೇರಿದ ಪೆಟ್ರೋಲ್ ಎರಡನ್ನೂ ಒಟ್ಟಿಗೆ ನಿಲ್ಲಿಸುತ್ತದೆ.

ಇನ್ನೊಂದು. ಓಡಿಸುವವರು ಎಂಜಿನ್ ನಿಲ್ಲಿಸುವ ಸುರಕ್ಷಾ ದಾರವನ್ನು ಕಾಲಿಗೋ ಸೊಂಟಕ್ಕೋ ಸಿಕ್ಕಿಸಿಕೊಳ್ಳಬೇಕು. ಇಬ್ಬರೇ ಇರುವ ಬೋಟಿನಲ್ಲಿ ಒಬ್ಬ ನೀರಿಗೆ ಬಿದ್ದು ಬೋಟ್ ತನ್ನ ಪಾಡಿಗೆ ಓಡಿಹೋದರೆ ಮುಂದಿನದನ್ನು ನಾನು ಬರೆಯಬೇಕಿಲ್ಲ.

ಉದ್ಯಾವರದ ಗಾಳಗಾರ

ತಾಂಡೇಲರೇ, ಮೇಸ್ತ್ರಿಯವರೇ, ಇಷ್ಟು ವಿವರ ಸಿಗುತ್ತದೆ ಎಂದುಕೊಂಡಿರಲಿಲ್ಲ. ಭಾವನಿಗೆ ಓದಿ ಹೇಳಿದೆ, ಮುಖ ಸಣ್ಣದಾಯಿತು. ಹಾಗಾದರೆ ಇಪ್ಪತ್ತು ಇಪ್ಪತ್ತೈದು ಕಿಲೋಮೀಟರ್ ಒಳಗೆ ಕೇದರದ ಆಸೆ ಇಟ್ಟುಕೊಳ್ಳಬಹುದೇ? ಅದನ್ನು ಹುಡುಕುವುದು ಹೇಗೆ?

ಗಂಗೊಳ್ಳಿ ತಾಂಡೇಲ

ಧಾರಾಳವಾಗಿ. ಅಕ್ಟೋಬರಿನಿಂದ ಫೆಬ್ರವರಿಯವರೆಗೆ ಬೆಳಗಿನ ಹೊತ್ತು ಮೂಡುಗಾಳಿ, ನೀರು ಸಪಾಟು. ಹನ್ನೊಂದು ಹನ್ನೆರಡರ ನಂತರ ಪಡುವಣದ ಗಾಳಿ ಏಳುತ್ತದೆ. ಕತ್ತಲಿರುವಾಗಲೇ ಹೊರಟು, ಗಾಳಿ ತಿರುಗುವ ಮೊದಲು ಮುಖ ತಿರುಗಿಸಿ.

ಸೋನಾರ್ ನೋಡುತ್ತ ಕೂರಬೇಡಿ, ಆಕಾಶ ನೋಡಿ. ರೀವ ಹಕ್ಕಿಗಳು ಒಂದೇ ಕಡೆ ಮೇಲೆ ಸುತ್ತುತ್ತಿದ್ದರೆ ಮೀನು ಕೆಳಗಿದೆ, ಇನ್ನೂ ಮೇಲೆ ಬಂದಿಲ್ಲ. ಹಕ್ಕಿಗಳು ಒಂದರ ಹಿಂದೊಂದು ಎರಗುತ್ತಿದ್ದರೆ ಮೇಲೆ ಬಂದಿದೆ. ಆಗ ನೀರು ಕುದಿಯುವಂತೆ ಕಾಣುತ್ತದೆ. ಹೊಸಬರು ಅಲ್ಲಿಗೇ ನೇರವಾಗಿ ಬೋಟ್ ನುಗ್ಗಿಸುತ್ತಾರೆ, ಮೀನು ಥಟ್ಟನೆ ಕೆಳಗಿಳಿಯುತ್ತದೆ, ಅರ್ಧ ಕಿಲೋಮೀಟರ್ ಆಚೆ ಏಳುತ್ತದೆ, ಮತ್ತೆ ಅಲ್ಲಿಗೆ ಓಟ. ದಿನವೆಲ್ಲ ಇದೇ ಆಟ. ಗುಂಪು ಯಾವ ದಿಕ್ಕಿಗೆ ಹೋಗುತ್ತಿದೆ ನೋಡಿ, ದೂರದಿಂದ ಸುತ್ತುಹಾಕಿ ಗಾಳಿಯ ಮೇಲುಬದಿಗೆ ಹೋಗಿ, ಎಂಜಿನ್ ತಗ್ಗಿಸಿ ಕಾಯಿರಿ. ಅವೇ ನಿಮ್ಮ ಹತ್ತಿರ ಬರುತ್ತವೆ.

ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಮೀನು ಸಿಗಬಹುದಾದ ವಲಯಗಳ ಮಾಹಿತಿ ಕೊಡುತ್ತದೆ. ಉಪಗ್ರಹದಿಂದ ನೀರಿನ ಮೇಲ್ಮೈಯ ಉಷ್ಣತೆ, ಹಸಿರು ಪಾಚಿಯ ಪ್ರಮಾಣ ಎರಡನ್ನೂ ನೋಡಿ ಹೇಳುತ್ತಾರೆ. ಮೋಡ ಮುಚ್ಚಿದ ದಿನ ಸಿಗುವುದಿಲ್ಲ. ಬಿಸಿ ನೀರು, ತಣ್ಣೀರು ಸೇರುವ ಗೆರೆ ಎಲ್ಲಿದೆ ಎಂದು ನೋಡಿಕೊಂಡು ಹೊರಟರೆ ಎಣ್ಣೆ ಉಳಿಯುತ್ತದೆ. ಅವರದೇ ಅಲೆಯ ಮುನ್ಸೂಚನೆ ಮೀನಿನ ಮುನ್ಸೂಚನೆಗಿಂತ ಮುಖ್ಯ, ಅದನ್ನು ಮೊದಲು ನೋಡಿ.

ನ್ಯೂಜೆರ್ಸಿ ಕುಂದಾಪುರಿಗ

ತಾಂಡೇಲರ ಅಳಿವೆಯ ಮಾತು ಓದಿ ನಗು ಬಂತು. ಇಲ್ಲಿಯೂ ಸಣ್ಣ ಬೋಟಿನವರ ಮೊದಲ ಮಾತು ಅದೇ. ಬಾರ್ನೆಗಟ್ ಎಂಬ ಅಳಿವೆ ಇದೆ, ಇಳಿತ ಮತ್ತು ಎದುರುಗಾಳಿ ಸೇರಿದ ದಿನ ದೊಡ್ಡ ಬೋಟಿನವರೂ ಅಲ್ಲಿ ದೇವರನ್ನು ನೆನೆಯುತ್ತಾರೆ.

ನಾನು ಗೆಳೆಯರ ಇಪ್ಪತ್ತೈದು ಅಡಿಯ ಬೋಟಿನಲ್ಲಿ ಹೋಗುತ್ತೇನೆ. ಇಲ್ಲಿ ಟ್ಯೂನಾಕ್ಕೆ ಹೆಸರಾದ ಜಾಗ ಹಡ್ಸನ್ ಕಣಿವೆ, ನ್ಯೂಯಾರ್ಕ್ ಬಂದರಿನಿಂದ ಸುಮಾರು 160 ಕಿಲೋಮೀಟರ್. ನಾವು ಅಲ್ಲಿಗೆ ಹೋಗುವುದಿಲ್ಲ. ಕೆಲವು ಋತುಗಳಲ್ಲಿ ಬ್ಲೂಫಿನ್ ಟ್ಯೂನಾ ದಡದಿಂದ ಮೂವತ್ತು ನಲವತ್ತು ಕಿಲೋಮೀಟರ್ ಒಳಗೇ ಬರುತ್ತದೆ, ಅದಕ್ಕೆ ಕಾಯುತ್ತೇವೆ. ಶನಿವಾರ ರಜೆ ಇದೆ ಎಂದು ಶನಿವಾರವೇ ಹೋಗಬೇಕು ಎನ್ನುವವನು ಸಣ್ಣ ಬೋಟ್ ಇಟ್ಟುಕೊಳ್ಳಬಾರದು, ಇದು ನನ್ನ ಗಟ್ಟಿಯಾದ ಅಭಿಪ್ರಾಯ. ಗಾಳಿ ಬಿಡುವು ಕೊಟ್ಟ ದಿನ ಮಂಗಳವಾರವಾದರೆ ಮಂಗಳವಾರ ರಜೆ ಹಾಕಬೇಕು.

ಇಲ್ಲಿನ ನಿಯಮಗಳನ್ನು ಹೇಳುತ್ತೇನೆ, ಹೋಲಿಸಿ ನೋಡಲು ಬೇಕಾಗಬಹುದು. ಟ್ಯೂನಾ, ಶಾರ್ಕ್ ಹಿಡಿಯಲು ಬೋಟಿಗೆ ಪ್ರತ್ಯೇಕ ಕೇಂದ್ರ ಪರವಾನಗಿ ಬೇಕು. ಶಾರ್ಕ್‌ಗೆ ಅದರ ಮೇಲೆ ಇನ್ನೊಂದು ಅನುಮತಿ, ಅದಕ್ಕೆ ಮೊದಲು ಜಾತಿಗಳನ್ನು ಗುರುತಿಸುವ ವಿಡಿಯೊ ನೋಡಿ ಪ್ರಶ್ನೆಗಳಿಗೆ ಉತ್ತರಿಸಬೇಕು. ಶಾರ್ಕ್‌ಗೆ ವೃತ್ತಾಕಾರದ, ತುಕ್ಕು ಹಿಡಿಯುವ ಗಾಳವನ್ನೇ ಬಳಸಬೇಕು. ಮಾಕೋ ಶಾರ್ಕ್ ಅನ್ನು 2022ರ ಜುಲೈಯಿಂದ ಇಟ್ಟುಕೊಳ್ಳುವಂತಿಲ್ಲ. ಹಳದಿ ರೆಕ್ಕೆಯ ಟ್ಯೂನಾ ಒಬ್ಬರಿಗೆ ದಿನಕ್ಕೆ ಮೂರು, ಬಾಗಿದ ಉದ್ದ 27 ಇಂಚಿಗಿಂತ ಕಡಿಮೆ ಇದ್ದರೆ ವಾಪಸ್ ನೀರಿಗೆ. ಬ್ಲೂಫಿನ್ ಇಟ್ಟುಕೊಂಡರೆ 24 ಗಂಟೆಯೊಳಗೆ ವರದಿ ಕೊಡಬೇಕು.

ಕಾದಾಟದ ಬಗ್ಗೆ ಒಂದು ಮಾತು. ಟ್ಯೂನಾ ಕಚ್ಚಿದ ಕೂಡಲೇ ಸುಳಿವಿಲ್ಲದೆ ನೂರಾರು ಅಡಿ ಓಡುತ್ತದೆ, ರೀಲ್ ಕಿರುಚುತ್ತದೆ, ಎಲ್ಲರೂ ಕಿರುಚುತ್ತಾರೆ. ಅಪಾಯ ಅಲ್ಲಿಲ್ಲ. ಕೊನೆಗೆ ಅದು ಬೋಟಿನ ನೇರ ಕೆಳಗೆ ಬಂದು ಸುತ್ತು ಹಾಕಲು ತೊಡಗುತ್ತದೆ. ಆಗ ಹಿಡಿದವನು ಅಂಚಿಗೆ ಬಾಗುತ್ತಾನೆ, ನೋಡಲು ಇನ್ನಿಬ್ಬರು ಅದೇ ಬದಿಗೆ ಬರುತ್ತಾರೆ, ಬೋಟ್ ವಾಲುತ್ತದೆ, ದಾರ ಎಂಜಿನ್ನಿನ ರೆಕ್ಕೆಗೆ ಉಜ್ಜುತ್ತದೆ. ಓಡಿಸುವವನು ಬೋಟನ್ನು ನಿಧಾನವಾಗಿ ಮುಂದಕ್ಕೆ ಒಯ್ದು ದಾರ ಓರೆಯಾಗುವಂತೆ ಇಟ್ಟುಕೊಳ್ಳಬೇಕು. ಉಳಿದವರು ಎದುರು ಬದಿಯಲ್ಲಿ ಕುಳಿತಿರಬೇಕು. ರೀಲಿನ ಬಿಗಿತ ದಾರದ ತಡೆಯುವ ಶಕ್ತಿಯ ಕಾಲುಭಾಗದಿಂದ ಮೂರನೇ ಒಂದು ಭಾಗ ಇದ್ದರೆ ಸಾಕು, ಅದನ್ನು ತೂಕದ ತಕ್ಕಡಿ ಹಚ್ಚಿ ಮನೆಯಲ್ಲೇ ನೋಡಿಕೊಳ್ಳಿ. ದಾರವನ್ನು ಕೈಗೆ ಸುತ್ತಿಕೊಳ್ಳುವುದು ಮಾತ್ರ ಯಾವ ಕಾರಣಕ್ಕೂ ಬೇಡ.

ಶಿರಸಿಯ ಓದುಗ

ಕಡಲು ಕಂಡವನಲ್ಲ, ಆದರೂ ಕೇಳುತ್ತೇನೆ. ಹೊಟ್ಟೆಪಾಡಿಗೆ ಹಿಡಿಯುವುದು ಅರ್ಥವಾಗುತ್ತದೆ. ಮೋಜಿಗೆ ಒಂದು ಜೀವಿಯ ಬಾಯಿಗೆ ಕೊಕ್ಕೆ ಹಾಕಿ, ಅರ್ಧ ಗಂಟೆ ಎಳೆದಾಡಿ, ಫೋಟೊ ತೆಗೆದು, ಆಮೇಲೆ ಬಿಟ್ಟೆವು ಎಂದು ಬೆನ್ನು ತಟ್ಟಿಕೊಳ್ಳುವುದು ಯಾವ ಸೀಮೆಯ ದಯೆ?

ಮಲ್ಪೆ ಧಕ್ಕೆಯ ಮಗಳು

ಶಿರಸಿಯವರ ಮಾತಿಗೆ ಉತ್ತರ ಬೇರೆಯವರು ಕೊಡಲಿ. ಅಮ್ಮ ಧಕ್ಕೆಯಲ್ಲಿ ಮೀನು ಮಾರಿ ನನ್ನನ್ನು ಓದಿಸಿದವರು, ನಾನು ಈಗ ಮೀನು ಸಂಸ್ಕರಣೆಯ ಘಟಕವೊಂದರಲ್ಲಿ ಗುಣಮಟ್ಟ ಪರೀಕ್ಷೆ ಮಾಡುತ್ತೇನೆ. ನನ್ನ ತಕರಾರು ಬೇರೆ. ಗಾಳದ ಹವ್ಯಾಸದವರು ಸಾವಿರಾರು ರೂಪಾಯಿಯ ರಾಡ್ ತರುತ್ತಾರೆ, ಐಸ್ ತರುವುದಿಲ್ಲ.

ಕೇದರ ತಿಂದರೆ ಮೈ ತುರಿಸುತ್ತದೆ, ಅದು ನಂಜಿನ ಮೀನು ಎಂದು ನಮ್ಮ ಕಡೆ ಹೇಳುತ್ತಾರಲ್ಲ. ಮೀನಿನ ತಪ್ಪಲ್ಲ ಅದು. ಟ್ಯೂನಾ ಜಾತಿಯ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಂಶ ಹೆಚ್ಚು. ಸತ್ತ ಮೀನು ಬಿಸಿಲಲ್ಲಿ ಬಿದ್ದಿದ್ದರೆ ಬ್ಯಾಕ್ಟೀರಿಯಾ ಅದನ್ನು ಹಿಸ್ಟಮಿನ್ ಮಾಡುತ್ತದೆ. ಮುಖ ಕೆಂಪಾಗುವುದು, ತುರಿಕೆ, ತಲೆನೋವು, ಎದೆ ಡವಡವ ಎಲ್ಲ ಅದರಿಂದ. ಒಮ್ಮೆ ಹಿಸ್ಟಮಿನ್ ಆದರೆ ಕುದಿಸಿದರೂ ಹೋಗುವುದಿಲ್ಲ, ಹುರಿದರೂ ಹೋಗುವುದಿಲ್ಲ, ಫ್ರೀಜರಿನಲ್ಲಿ ಇಟ್ಟರೂ ಹೋಗುವುದಿಲ್ಲ. ಮೀನು ವಾಸನೆ ಬಂದಿರಬೇಕೆಂದೂ ಇಲ್ಲ.

ಅದರ ಜೊತೆ ಟ್ಯೂನಾದ ರಕ್ತ ಬಿಸಿ. ಹೆಚ್ಚಿನ ಮೀನುಗಳ ದೇಹ ನೀರಿನಷ್ಟೇ ತಣ್ಣಗಿರುತ್ತದೆ. ಟ್ಯೂನಾ ಈಜುವಾಗ ಸ್ನಾಯುವಿನಲ್ಲಿ ಹುಟ್ಟಿದ ಶಾಖ ಹೊರಗೆ ಹೋಗದಂತೆ ರಕ್ತನಾಳಗಳ ಜಾಲವೇ ಇದೆ. ಎಳೆದಾಡಿದಷ್ಟೂ ಒಳಗೆ ಕಾಯುತ್ತದೆ. ಬಹಳ ಹೊತ್ತು ಕಾದಾಡಿದ ಮೀನಿನ ಮಾಂಸ ಬೆಂದ ಹಾಗೆ ಮಸುಕಾಗಿ, ಮುಟ್ಟಿದರೆ ಪುಡಿಯಾಗುತ್ತದೆ. ರಫ್ತಿನವರು ನೋಡಿದ ಕೂಡಲೇ ಬದಿಗಿಡುತ್ತಾರೆ.

ಹಾಗಾಗಿ ಬೋಟಿಗೆ ತಂದ ಕೂಡಲೇ ತಲೆಗೆ ಒಂದೇ ಪೆಟ್ಟು ಕೊಟ್ಟು ಕೊಲ್ಲಿ, ಅಲ್ಲಿ ಇಲ್ಲಿ ಬಡಿದುಕೊಳ್ಳಲು ಬಿಡಬೇಡಿ. ಎದೆಯ ರೆಕ್ಕೆಯನ್ನು ದೇಹಕ್ಕೆ ಒತ್ತಿ ಹಿಡಿಯಿರಿ. ಅದರ ತುದಿಯ ಕಡೆಗೆ, ಬುಡದಿಂದ ಮೂರು ನಾಲ್ಕು ಬೆರಳು ಹಿಂದೆ ಚಾಕುವಿನ ತುದಿಯಿಂದ ಆಳವಲ್ಲದ ಒಂದು ಗೀರು ಹಾಕಿದರೆ ರಕ್ತ ಚಿಮ್ಮುತ್ತದೆ. ಎರಡೂ ಬದಿಗೆ ಹಾಕಿ. ಕಿವಿರನ್ನೂ ಕೊಯ್ಯಿರಿ. ರಕ್ತ ಹರಿದ ಮೇಲೆ ಕರುಳು, ಕಿವಿರು ತೆಗೆದು ಎರಡು ಪಾಲು ಐಸ್, ಒಂದು ಪಾಲು ಸಮುದ್ರದ ನೀರು ಬೆರೆಸಿದ ಪೆಟ್ಟಿಗೆಯೊಳಗೆ ಮುಳುಗಿಸಿ. ಬರೀ ಐಸಿನ ಮೇಲೆ ಮಲಗಿಸಿದರೆ ಒಂದು ಮಗ್ಗುಲು ಮಾತ್ರ ತಣ್ಣಗಾಗುತ್ತದೆ. ಒಳಗಿನ ಮಾಂಸ 4 ಡಿಗ್ರಿಗೆ ಇಳಿಯಬೇಕು. ಪೆಟ್ಟಿಗೆ ತುಂಬಿದ ಮೇಲೆ ಗಾಳ ಹಾಕಬೇಡಿ, ಅಷ್ಟೆ.

ಕಡಲ ಜೀವಶಾಸ್ತ್ರ ವಿದ್ಯಾರ್ಥಿ

ಶಾರ್ಕ್ ಪ್ರಶ್ನೆ ಹಾಗೆಯೇ ಉಳಿದಿದೆ, ನಾನು ಹೇಳುತ್ತೇನೆ. ನಮ್ಮ ಕಡೆ ತಾಟೆ ಎನ್ನುತ್ತಾರೆ, ಕಾರವಾರದ ಕಡೆ ಮೋರಿ.

ಕಾನೂನು ಮೊದಲು. ತಿಮಿಂಗಿಲ ಶಾರ್ಕ್ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ, ಹುಲಿಗೆ ಇರುವಷ್ಟೇ ರಕ್ಷಣೆ. ಗರಗಸ ಮೀನಿಗೂ ಹಾಗೆಯೇ. 2022ರ ತಿದ್ದುಪಡಿಯಲ್ಲಿ ಪಟ್ಟಿ ಇನ್ನಷ್ಟು ಉದ್ದವಾಗಿದೆ. ರೆಕ್ಕೆ ಮಾತ್ರ ಕತ್ತರಿಸಿ ದೇಹ ಎಸೆಯುವುದನ್ನು 2013ರಲ್ಲಿ, ರೆಕ್ಕೆಯ ರಫ್ತನ್ನು 2015ರಲ್ಲಿ ಕೇಂದ್ರ ಸರ್ಕಾರ ನಿಷೇಧಿಸಿದೆ. ಉದ್ದ ಬಾಲದ ಥ್ರೆಶರ್ ಶಾರ್ಕ್ ಹವ್ಯಾಸಿಗಳ ಗಾಳಕ್ಕೆ ಬಿದ್ದರೆ ಜೀವಂತ ಬಿಡಬೇಕು ಎಂಬುದು ಹಿಂದೂ ಮಹಾಸಾಗರ ಟ್ಯೂನಾ ಆಯೋಗದ ನಿರ್ಣಯ. ಇವನ್ನೆಲ್ಲ ನೀರಿನಲ್ಲಿ ಗುರುತಿಸುವುದು ಸುಲಭವಲ್ಲ. ಆದ್ದರಿಂದ ನನ್ನ ಸಲಹೆ ಸರಳ: ಶಾರ್ಕ್ ಯಾವುದೇ ಆಗಲಿ, ಬಿಟ್ಟುಬಿಡಿ. ಅದನ್ನೇ ಗುರಿಯಾಗಿಟ್ಟು ಹೋಗಲೂ ಬೇಡಿ.

ಕಾರಣ ಇದೆ. ಬೂತಾಯಿ ಹತ್ತಾರು ಸಾವಿರ ಮೊಟ್ಟೆ ಇಡುತ್ತದೆ. ಶಾರ್ಕ್‌ಗಳು ಬೆಳೆಯುವುದು ನಿಧಾನ, ಮರಿಗಳು ಸಾಮಾನ್ಯವಾಗಿ ಬೆರಳೆಣಿಕೆಯಷ್ಟರಿಂದ ಕೆಲವು ಡಜನ್‌ವರೆಗೆ. 1970ರಿಂದ ಈಚೆಗೆ ತೆರೆದ ಸಾಗರದ ಶಾರ್ಕ್ ಮತ್ತು ತೊರಕೆಗಳ ಸಂಖ್ಯೆ 71 ಶೇಕಡಾ ಇಳಿದಿದೆ ಎಂದು 2021ರಲ್ಲಿ ಪ್ರಕಟವಾದ ಜಾಗತಿಕ ಅಧ್ಯಯನ ತೋರಿಸಿತು. ಹವ್ಯಾಸಿಗಳಿಗೆ ದಾಖಲೆಯ ಹುಚ್ಚು ಬೇರೆ. 1959ರಲ್ಲಿ ದಕ್ಷಿಣ ಆಸ್ಟ್ರೇಲಿಯಾದ ಸೆಡುನಾದಲ್ಲಿ ಆಲ್ಫ್ರೆಡ್ ಡೀನ್ ಎಂಬವರು 1,208 ಕಿಲೋದ ಬಿಳಿ ಶಾರ್ಕ್ ಹಿಡಿದರು, ರಾಡಿನ ದಾಖಲೆಗಳಲ್ಲಿ ಇಂದಿಗೂ ಅದರ ಹೆಸರೇ. ಹೆಚ್ಚಿನ ಶಾರ್ಕ್ ಜಾತಿಗಳಲ್ಲಿ ಗಂಡಿಗಿಂತ ಹೆಣ್ಣು ದೊಡ್ಡದು. ಅಂದರೆ ಅತಿ ದೊಡ್ಡದನ್ನೇ ಹುಡುಕಿ ಕೊಲ್ಲುವವನು ಮರಿ ಹಾಕುವ ತಾಯಿಯನ್ನೇ ಹುಡುಕಿ ಕೊಲ್ಲುತ್ತಾನೆ.

ಶಿರಸಿಯವರ ಪ್ರಶ್ನೆ ನನ್ನನ್ನೂ ಕಾಡುತ್ತದೆ. ಬಿಟ್ಟ ಮೀನೆಲ್ಲ ಬದುಕುವುದಿಲ್ಲ. ಎಷ್ಟು ಹೊತ್ತು ಎಳೆದಾಡಿದಿರಿ, ಕೊಕ್ಕೆ ಎಲ್ಲಿ ಸಿಕ್ಕಿದೆ, ನೀರಿನಿಂದ ಹೊರಗೆ ಎಷ್ಟು ಹೊತ್ತು ಇತ್ತು ಎಂಬ ಮೂರರ ಮೇಲೆ ಅದರ ಪ್ರಾಣ ನಿಂತಿದೆ. ಬೇಕಾದಷ್ಟು ಹಿಡಿದು ತಿಂದು, ಆಮೇಲೆ ಗಾಳ ಒಳಗೆ ಎಳೆದುಕೊಳ್ಳುವವನು ದಿನವಿಡೀ ಹಿಡಿದು ಬಿಡುವವನಿಗಿಂತ ಕಡಿಮೆ ಕೊಲ್ಲುತ್ತಾನೆ ಎಂದು ನಾನು ತಿಳಿದಿದ್ದೇನೆ.

ನ್ಯೂಜೆರ್ಸಿ ಕುಂದಾಪುರಿಗ

ಕೊನೆಯ ಸಾಲನ್ನು ಒಪ್ಪುವುದು ನನಗೆ ಕಷ್ಟ. ಬಿಡುವ ಪದ್ಧತಿಯನ್ನು ರೂಢಿಸಿಕೊಂಡ ಹವ್ಯಾಸಿಗಳಿಂದಲೇ ಇಲ್ಲಿ ಶಾರ್ಕ್‌ಗೆ ಗುರುತುಪಟ್ಟಿ ಹಾಕುವ ಕೆಲಸ ದಶಕಗಳಿಂದ ನಡೆದು ಬಂದಿದೆ. ಅವು ಎಲ್ಲಿಂದ ಎಲ್ಲಿಗೆ ಹೋಗುತ್ತವೆ ಎಂಬುದರ ಎಷ್ಟೋ ಮಾಹಿತಿ ಆ ಪಟ್ಟಿಗಳಿಂದ ಬಂದದ್ದು. ಆದರೆ ನೀವು ಹೇಳಿದ ಹಾಗೆ ಫೋಟೊಗಾಗಿ ಶಾರ್ಕ್ ಅನ್ನು ಬೋಟಿನೊಳಗೆ ಎಳೆಯುವವರ ಮೇಲೆ ನನಗೂ ಸಿಟ್ಟಿದೆ.

ಉದ್ಯಾವರದವರೇ, ಕಚ್ಚಿದರೆ ಹೀಗೆ ಮಾಡಿ. ಶಾರ್ಕ್ ಎಂದು ತಿಳಿಯುವುದು ಸುಲಭ: ಟ್ಯೂನಾ ಎಳೆತದಲ್ಲಿ ಬಾಲದ ಬಡಿತ ರಾಡಿನ ತುದಿಯಲ್ಲಿ ಟಕಟಕ ಎಂದು ಕಾಣುತ್ತದೆ, ಶಾರ್ಕ್ ಭಾರವಾಗಿ, ಉದ್ದಕ್ಕೆ, ತೂಗಿದಂತೆ ಎಳೆಯುತ್ತದೆ. ಬೇಗ ಹತ್ತಿರ ತನ್ನಿ, ಆಟ ಬೇಡ. ಬೋಟ್ ನಿಧಾನ ಮುಂದೆ ಹೋಗುತ್ತಿರಲಿ, ಅದರ ಕಿವಿರಿಗೆ ನೀರು ಸಿಗುತ್ತದೆ. ಉದ್ದ ಹಿಡಿಯ ಕತ್ತರಿಯಿಂದ ಕೊಕ್ಕೆಗೆ ಆದಷ್ಟು ಹತ್ತಿರ ತಂತಿಯನ್ನು ತುಂಡರಿಸಿ. ಮೀಟರ್‌ಗಟ್ಟಲೆ ತಂತಿ ನೇತಾಡುತ್ತ ಹೋದರೆ ಅದು ಎಲ್ಲಿಯಾದರೂ ಸಿಕ್ಕಿ ಸಾಯುತ್ತದೆ. ನೀರಿನಿಂದ ಮೇಲೆ ಎತ್ತಬೇಡಿ. ಅದರ ಒಳ ಅಂಗಗಳಿಗೆ ಪಕ್ಕೆಲುಬಿನ ಆಸರೆ ಇಲ್ಲ, ಬಾಲ ಹಿಡಿದು ನೇತುಹಾಕಿದರೆ ತನ್ನ ಭಾರಕ್ಕೇ ಒಳಗೆ ಹರಿಯುತ್ತದೆ.

ಇನ್ನೊಂದು, ಶಾರ್ಕ್ ಕಚ್ಚಿದ ದಾರವನ್ನು ಹಿಂಬದಿಯ ಕಂಬಕ್ಕೆ ಕಟ್ಟಿ ನಿಲ್ಲಬೇಡಿ. ಎಂಜಿನ್ನಿನ ಭಾರ ಆಗಲೇ ಅಲ್ಲಿದೆ, ಹಿಂಬದಿ ಗೋಡೆಯೂ ಗಿಡ್ಡ. ಒಂದು ದೊಡ್ಡ ಎಳೆತ, ಎರಡು ಅಲೆ ಸಾಕು. ಲಂಗರು ಹಾಕುವಾಗಲೂ ಅಷ್ಟೆ, ಮೂತಿಯಿಂದಲೇ ಹಾಕಬೇಕು.

ಮಂಜಿಯಲ್ಲಿ ದುಡಿದವನು

ಇಷ್ಟೆಲ್ಲ ಓದಿ ಒಂದು ಮಾತು ಹೇಳಬೇಕೆನಿಸಿತು. ಮಂಗಳೂರಿನ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಸರಕು ಒಯ್ಯುವ ಮಂಜಿಯಲ್ಲಿ ದುಡಿದವನು ನಾನು. ಈಗಿನವರಿಗೆ ಗೊತ್ತಿರಲಿಕ್ಕಿಲ್ಲ, ಅಮಿನ್‌ದಿವಿ ದ್ವೀಪಗಳು 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಸಣ್ಣ ದೋಣಿಯಲ್ಲಿ ಟ್ಯೂನಾ ಹಿಡಿಯುವುದನ್ನು ನೋಡಬೇಕೆಂದರೆ ಆಸ್ಟ್ರೇಲಿಯಾದ ವಿಡಿಯೊ ಬೇಡ, ಮಿನಿಕಾಯ್‌ಗೆ ಹೋಗಿ.

ಬೆಳಿಗ್ಗೆ ಲಗೂನಿನಲ್ಲಿ ಬಲೆ ಹಾಕಿ ಬೆರಳುದ್ದದ ಮರಿಮೀನುಗಳನ್ನು ಹಿಡಿದು ದೋಣಿಯ ನೀರುಗುಂಡಿಯಲ್ಲಿ ಜೀವಂತ ಇಟ್ಟುಕೊಳ್ಳುತ್ತಾರೆ. ಹೊರಗೆ ಟ್ಯೂನಾ ಗುಂಪು ಕಂಡ ಕೂಡಲೇ ಒಬ್ಬ ಆ ಮರಿಗಳನ್ನು ಹಿಡಿಹಿಡಿಯಾಗಿ ಎಸೆಯುತ್ತಾನೆ. ಇನ್ನೊಂದು ಕಡೆಯಿಂದ ನೀರು ಚಿಮುಕಿಸುತ್ತಾರೆ, ಮೇಲ್ಮೈ ಮಳೆ ಬಿದ್ದಂತೆ ಒಡೆಯುತ್ತದೆ. ಮೀನಿಗೆ ಮರಿಗಳು ಪುಟಿಯುತ್ತಿವೆ ಎಂಬ ಭ್ರಮೆ, ದೋಣಿಯ ನೆರಳೂ ಕಾಣುವುದಿಲ್ಲ. ಹಿಂಬದಿಯಲ್ಲಿ ಸಾಲಾಗಿ ನಿಂತವರ ಕೈಯಲ್ಲಿ ಬರೀ ಕೋಲು, ದಾರ, ಮುಳ್ಳಿಲ್ಲದ ಕೊಕ್ಕೆ. ಮೀನು ಕಚ್ಚಿತು ಎನ್ನುವಷ್ಟರಲ್ಲಿ ಕೋಲು ಮೇಲೆದ್ದಿರುತ್ತದೆ, ಮೀನು ತಲೆಯ ಮೇಲಿಂದ ಹಾರಿ ಹಿಂದೆ ಹಲಗೆಯ ಮೇಲೆ ಬೀಳುತ್ತದೆ, ದಾರ ಸಡಿಲಾದ ಕೂಡಲೇ ಕೊಕ್ಕೆ ತಾನೇ ಕಳಚುತ್ತದೆ, ಕೋಲು ಮತ್ತೆ ನೀರಿಗೆ. ಕೈಯಿಂದ ಮೀನನ್ನು ಮುಟ್ಟುವವರೇ ಇಲ್ಲ. ಗುಂಪು ನಿಂತಷ್ಟು ಹೊತ್ತು ಒಬ್ಬರೂ ಮಾತನಾಡುವುದಿಲ್ಲ, ಹಲಗೆಯ ಮೇಲೆ ಬಾಲಗಳ ಬಡಿತವೊಂದೇ ಸದ್ದು. ಆ ಪದ್ಧತಿಯಲ್ಲಿ ಶಾರ್ಕ್ ಸಿಗುವುದು, ಆಮೆ ಸಿಗುವುದು ಎಂಬುದು ಇಲ್ಲವೇ ಇಲ್ಲ ಎನ್ನಬಹುದು. ಹಿಡಿದದ್ದನ್ನು ನೀರಿನಲ್ಲಿ ಬೇಯಿಸಿ, ಹೊಗೆ ಹಾಕಿ, ಒಣಗಿಸಿದರೆ ಮಾಸ್. ಕಲ್ಲಿನಷ್ಟು ಗಟ್ಟಿ, ತುರಿದು ಹಾಕಬೇಕು.

ಬಂದರು ಕಚೇರಿಗೆ ಅಲೆದವನು

ಕಾಗದಪತ್ರದ ವಿಷಯ ಯಾರೂ ಎತ್ತಲಿಲ್ಲ. ಹನ್ನೆರಡು ನಾಟಿಕಲ್ ಮೈಲು, ಅಂದರೆ ಸುಮಾರು 22 ಕಿಲೋಮೀಟರ್‌ವರೆಗೆ ರಾಜ್ಯದ ವ್ಯಾಪ್ತಿ, 1986ರ ಕರ್ನಾಟಕ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆ ಅಲ್ಲಿಗೆ ಅನ್ವಯ. ಅದರಾಚೆ ಕೇಂದ್ರದ್ದು. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ. ಹತ್ತು ಅಶ್ವಶಕ್ತಿಯವರೆಗಿನ ಎಂಜಿನ್ ಇರುವ ನಾಡದೋಣಿಗಳಿಗೆ ವಿನಾಯಿತಿ ಇದೆ, ನಿಮ್ಮ 60ಕ್ಕೆ ಇಲ್ಲ. ವಿಹಾರದ ಬೋಟು ಎಂದು ನೋಂದಾಯಿಸಿದ್ದೀರೋ ಮೀನುಗಾರಿಕೆಯದ್ದೆಂದೋ ಎಂಬುದನ್ನು ಮೊದಲು ಇತ್ಯರ್ಥ ಮಾಡಿಕೊಳ್ಳಿ. ಒಂದು ಮೇಜಿನವರು ಇನ್ನೊಂದು ಮೇಜಿಗೆ ಕಳುಹಿಸುತ್ತಾರೆ, ಅದಕ್ಕೆ ಸಿದ್ಧರಾಗಿ ಹೋಗಿ. ಸಮುದ್ರದಲ್ಲಿ ತಡೆದು ಕೇಳಿದಾಗ ತೋರಿಸಲು ಬೋಟಿನ ಕಾಗದ, ಎಲ್ಲರ ಗುರುತಿನ ಚೀಟಿ ಜಲನಿರೋಧಕ ಚೀಲದಲ್ಲಿ ಇರಲಿ.

ಗಂಗೊಳ್ಳಿ ತಾಂಡೇಲ

ಒಳ್ಳೆಯದು ನೆನಪಿಸಿದಿರಿ. ಅದೇ ಚೀಲದಲ್ಲಿ ಇಡಬೇಕಾದ ಎರಡು ಸಂಖ್ಯೆ: ಕೋಸ್ಟ್ ಗಾರ್ಡ್ 1554, ಕರಾವಳಿ ಕಾವಲು ಪೊಲೀಸ್ 1093. ಆದರೆ ಮೊಬೈಲ್ ನಂಬಿ ಹೊರಗೆ ಹೋಗಬೇಡಿ, ಸಿಗ್ನಲ್ ಬೇಗ ಕೈಕೊಡುತ್ತದೆ. ವಿಎಚ್‌ಎಫ್ ರೇಡಿಯೊ ಇರಲಿ, ಆಪತ್ತಿನ ಕರೆಯ 16ನೇ ಚಾನೆಲ್ ಕೇಳುತ್ತಿರಲಿ. ಇಸ್ರೊ ರೂಪಿಸಿದ ಆಪತ್ಕಾಲದ ಸಂದೇಶದ ಉಪಕರಣವೂ ಇದೆ. 2024ರಲ್ಲಿ ಬಂದ ಎರಡನೇ ಪೀಳಿಗೆಯದ್ದರಲ್ಲಿ ನಿಮ್ಮ ಕರೆ ತಲುಪಿತು ಎಂಬ ಉತ್ತರವೂ ಮರಳಿ ಬರುತ್ತದೆ. ಒಂದು ರಾತ್ರಿ ತೇಲುತ್ತ ಕುಳಿತವನಿಗೆ ಆ ಉತ್ತರದ ಬೆಲೆ ಗೊತ್ತು.

ಲೈಫ್ ಜಾಕೆಟ್ ಸೀಟಿನ ಅಡಿಯಲ್ಲಿ ಮಡಚಿಡಲು ಅಲ್ಲ. ಅಳಿವೆ ದಾಟುವಾಗ ಮೈಮೇಲಿರಬೇಕು, ಹೋಗುವಾಗಲೂ, ಬರುವಾಗಲೂ. ಮನೆಯಲ್ಲಿ ಯಾರಿಗಾದರೂ ಎಲ್ಲಿಗೆ ಹೋಗುತ್ತೀರಿ, ಎಷ್ಟು ಗಂಟೆಗೆ ಬರುತ್ತೀರಿ, ಆ ಹೊತ್ತಿಗೆ ಬಾರದಿದ್ದರೆ ಯಾರಿಗೆ ಫೋನ್ ಮಾಡಬೇಕು ಎಂದು ಬರೆದುಕೊಟ್ಟು ಹೊರಡಿ.

ಶಿರಸಿಯ ಓದುಗ

ನನ್ನ ಪ್ರಶ್ನೆಗೆ ವಿದ್ಯಾರ್ಥಿಯವರು ಕೊಟ್ಟ ಉತ್ತರ ಹಿಡಿಸಿತು, ನ್ಯೂಜೆರ್ಸಿಯವರದ್ದು ಹಿಡಿಸಲಿಲ್ಲ. ಗುರುತುಪಟ್ಟಿ ಹಾಕಲು ಗಾಳವೇ ಬೇಕೆಂದು ಯಾವ ವಿಜ್ಞಾನಿ ಹೇಳಿದ್ದಾರೆ? ಇರಲಿ, ಮಿನಿಕಾಯ್ ವಿವರಣೆಗಾಗಿ ಮಂಜಿಯವರಿಗೆ ನಮಸ್ಕಾರ.

ನ್ಯೂಜೆರ್ಸಿ ಕುಂದಾಪುರಿಗ

ಶಿರಸಿಯವರೇ, ವಿಜ್ಞಾನಿಗಳ ಹಡಗು ವರ್ಷಕ್ಕೆ ಕೆಲವು ವಾರ ಮಾತ್ರ ನೀರಿನಲ್ಲಿರುತ್ತದೆ, ಹವ್ಯಾಸಿಗಳು ಬೇಸಿಗೆಯಿಡೀ ಇರುತ್ತಾರೆ. ಅಷ್ಟೇ ನನ್ನ ವಾದ. ಒಪ್ಪಬೇಕೆಂದಿಲ್ಲ.

ಉದ್ಯಾವರದ ಗಾಳಗಾರ

ಎಲ್ಲರಿಗೂ ಋಣಿ. ಹಳದಿ ರೆಕ್ಕೆಯ ಆಸೆಯನ್ನು ಬದಿಗಿಟ್ಟಿದ್ದೇವೆ. ಇಪ್ಪತ್ತು ಕಿಲೋಮೀಟರ್ ಒಳಗೆ, ಬೆಳಗಿನ ಹೊತ್ತು, ಕೇದರ ಮಾತ್ರ. ಎರಡನೇ ಎಂಜಿನ್ನಿಗೆ ಮೇಸ್ತ್ರಿಯವರ ಹತ್ತಿರ ಬರುತ್ತೇನೆ. ಮೂವತ್ತು ಗ್ರಾಂನಿಂದ ಅರವತ್ತು ಗ್ರಾಂವರೆಗಿನ ಲೋಹದ ಜಿಗ್‌ಗಳು, ಅಂದರೆ ಮೀನಿನಂತೆ ಹೊಳೆಯುವ ನಕಲಿ ಎರೆಗಳು, ಕೈಯಲ್ಲಿವೆ, ಮೂರು ಕೊಕ್ಕೆಯವನ್ನು ತೆಗೆದು ಒಂಟಿ ಕೊಕ್ಕೆ ಹಾಕುತ್ತಿದ್ದೇನೆ. ತಂತಿ ತುಂಡರಿಸುವ ಕತ್ತರಿಯೂ ಬಂತು. ಭಾವ ಇನ್ನೂ ಅಂಡಮಾನಿನ ಟಿಕೆಟ್ ದರ ನೋಡುತ್ತಿದ್ದಾನೆ, ಅದು ಬೇರೆ ಕಥೆ.

ಧಕ್ಕೆಯ ಅಕ್ಕನಿಗೆ ಒಂದು ಕೊನೆಯ ಪ್ರಶ್ನೆ. ನಮ್ಮ ಮನೆಯಲ್ಲಿ ಕೇದರ ಎಂದರೆ ಮೂಗು ಮುರಿಯುತ್ತಾರೆ, ಅಂಜಲ್ ತನ್ನಿ ಎನ್ನುತ್ತಾರೆ. ಹಿಡಿದು ತಂದದ್ದು ನಾಯಿಪಾಲಾಗಬಾರದಲ್ಲ?

ಮಲ್ಪೆ ಧಕ್ಕೆಯ ಮಗಳು

ಅಂಜಲ್ ಹಾಗೆ ಅಡ್ಡ ತುಂಡು ಮಾಡಿ ತವಾದ ಮೇಲೆ ಹಾಕಿದರೆ ಯಾರಾದರೂ ಮೂಗು ಮುರಿಯುತ್ತಾರೆ. ಬೆನ್ನುಮೂಳೆಯ ಎರಡೂ ಬದಿ ಉದ್ದಕ್ಕೆ ಬಿಡಿಸಿ ನಾಲ್ಕು ಪಟ್ಟಿ ಮಾಡಿ. ಪ್ರತಿ ಪಟ್ಟಿಯ ಒಳಬದಿಯಲ್ಲಿ ಕಪ್ಪುಗೆಂಪು ಮಾಂಸ ಕಾಣುತ್ತದೆ, ಕಮಟು ವಾಸನೆ, ಕಹಿ ಎಲ್ಲ ಅದರದ್ದೇ. ಅದನ್ನು ಚಾಕುವಿನಿಂದ ಕೆರೆದು ತೆಗೆಯಿರಿ, ಬೆಕ್ಕಿಗೆ ಹಬ್ಬ. ಉಳಿದದ್ದನ್ನು ಉಪ್ಪುನೀರಿನಲ್ಲಿ ಅರ್ಧ ಗಂಟೆ ನೆನೆಸಿ ತೊಳೆದು ಪುಳಿಮುಂಚಿ ಮಾಡಿ, ಹುಣಸೆಯ ಬದಲು ಜಾರಿಗೆ ಹುಳಿ ಹಾಕಿ. ಮಣ್ಣಿನ ಪಾತ್ರೆಯಲ್ಲಿ ಮಾಡಿ ಮರುದಿನ ಬೆಳಿಗ್ಗೆ ನೀರುದೋಸೆಗೆ ಬಡಿಸಿ. ಅಂಜಲ್ ಎಂದು ಸುಳ್ಳು ಹೇಳಬೇಕಾಗಿಲ್ಲ.